ಬಿಲ್ಲೆಗೆ 34 ಮಿಲಿಗ್ರಾಂ ಆಕ್ಸಿಜನ್ ಕುಡಿಸಿದ್ದು

ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ನಾನು ಆರಿಸಿಕೊಂಡಿದ್ದು ವೈಬಿಸಿಒ. ಯಿಟ್ರಿಯಂ, ಬೇರಿಯಂ, ತಾಮ್ರ, ಆಕ್ಸಿಜನ್ ಸೇರಿದ ಕಪ್ಪು ಪದಾರ್ಥ. 92 ಕೆಲ್ವಿನ್ ಹತ್ತಿರ, ಅಂದರೆ ಸೊನ್ನೆ ಡಿಗ್ರಿಗಿಂತ ಸುಮಾರು 181 ಕೆಳಗೆ, ಇದು ಸೂಪರ್‌ಕಂಡಕ್ಟರ್ ಆಗುತ್ತದೆ: ಕರೆಂಟಿಗೆ ರೆಸಿಸ್ಟೆನ್ಸ್ ಸೊನ್ನೆಗೆ ಬೀಳುತ್ತದೆ, ಮ್ಯಾಗ್ನೆಟ್ ಇಟ್ಟರೆ ಮೇಲೆ ತೇಲುತ್ತದೆ. ಲಿಕ್ವಿಡ್ ನೈಟ್ರೋಜನ್ ಕುದಿಯೋದು 77ರಲ್ಲಿ, ಹಾಗಾಗಿ ತಣ್ಣಗಾಗಿಸಲು ಅದೇ ಸಾಕು, ದುಬಾರಿ ಹೀಲಿಯಂ ಬೇಡ. 1986ರಲ್ಲಿ ಬೆಡ್ನೋರ್ಜ್ ಮತ್ತು ಮ್ಯೂಲರ್ ಎಂಬ ವಿಜ್ಞಾನಿಗಳು ಇನ್ನೊಂದು ತಾಮ್ರದ ಆಕ್ಸೈಡಿನಲ್ಲಿ ದಾರಿ ತೋರಿಸಿದರು. 1987ರಲ್ಲಿ ವೈಬಿಸಿಒ ಬಂತು. ಬೆಂಗಳೂರಿನ ಐಐಎಸ್‌ಸಿಯಲ್ಲಿ ಸಿ.ಎನ್.ಆರ್. ರಾವ್ ಅವರ ತಂಡವೂ ಆ ವರ್ಷವೇ ಇದರ ಬೆನ್ನು ಹತ್ತಿತ್ತು. ಇಷ್ಟು ಹಳೇ ವಸ್ತು, ನನಗೇನು ಕಷ್ಟ ಅಂದುಕೊಂಡಿದ್ದೆ.

ಯಿಟ್ರಿಯಂ ಆಕ್ಸೈಡ್ 1.129 ಗ್ರಾಂ, ಬೇರಿಯಂ ಕಾರ್ಬೊನೇಟ್ 3.947, ಕಾಪರ್ ಆಕ್ಸೈಡ್ 2.386. ಬೇರಿಯಂ ಕಾರ್ಬೊನೇಟ್ ವಿಷ, ಮಾಸ್ಕ್ ಇಲ್ಲದೆ ಮುಟ್ಟಬಾರದು. ಅಗೇಟ್ ಮಾರ್ಟರ್‌ನಲ್ಲಿ ಒಂದು ಗಂಟೆ ಅರೆದೆ. ಮನೇಲಿ ಅಮ್ಮ ಚಟ್ನಿ ಅರೆಯೋಕೆ ಕರೆದರೆ ಓಡಿಹೋಗುತ್ತಿದ್ದವನು ನಾನು. 930 ಡಿಗ್ರಿಯಲ್ಲಿ ಎರಡು ಸಲ ಸುಟ್ಟೆ, ನಡುವೆ ಮತ್ತೆ ಅರೆದೆ. ಮೊದಲ ಸಲ ಅಲ್ಲಲ್ಲಿ ಹಸಿರು ಚುಕ್ಕೆ ಇತ್ತು. ಹಸಿರು ಕಂಡರೆ ಬೇರೆ ಸಂಯುಕ್ತ ಉಳಿದಿದೆ ಅಂತ ಅರ್ಥ. ಎರಡನೇ ಸಲ ಪೂರ್ತಿ ಕಪ್ಪು. ಪುಡಿಯನ್ನು ಪ್ರೆಸ್‌ನಲ್ಲಿ ಒತ್ತಿ ಬಿಲ್ಲೆ ಮಾಡಿ 940 ಡಿಗ್ರಿಗೆ ಇಟ್ಟೆ.

ತಪ್ಪು ಮಾಡಿದ್ದು ಇಲ್ಲೇ. ಮಾರನೇ ಬೆಳಿಗ್ಗೆ ಫರ್ನೇಸ್ ಇನ್ನೊಬ್ಬರಿಗೆ ಬೇಕಿತ್ತು. ಆರುವವರೆಗೆ ಕಾಯದೆ, ಕೆಂಪಗೆ ಕಾದಿದ್ದ ಬಿಲ್ಲೆಯನ್ನು ಇಕ್ಕಳದಿಂದ ಎಳೆದು ಇಟ್ಟಿಗೆ ಮೇಲೆ ಇಟ್ಟೆ. ನೋಡೋಕೆ ಚೆನ್ನಾಗೇ ಇತ್ತು.

ಥರ್ಮಾಕೋಲ್ ಕಪ್ಪಿನಲ್ಲಿ ಬಿಲ್ಲೆ ಇಟ್ಟು ಲಿಕ್ವಿಡ್ ನೈಟ್ರೋಜನ್ ಸುರಿದೆ. ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ ಚೊಯ್ ಅಂತ ಕುದಿಯಿತು. ಸದ್ದು ನಿಂತ ಮೇಲೆ ಪುಟ್ಟ ಮ್ಯಾಗ್ನೆಟ್ ಇಟ್ಟೆ. ಸುಮ್ನೆ ಕೂತಿತು, ತೇಲಲಿಲ್ಲ. ನಾಲ್ಕು ತಂತಿ ಅಂಟಿಸಿ ರೆಸಿಸ್ಟೆನ್ಸ್ ಅಳೆದರೆ, ತಣ್ಣಗಾದಷ್ಟೂ ಜಾಸ್ತಿ ಆಗುತ್ತಾ ಹೋಯಿತು. ಬೀಳಬೇಕಿದ್ದದ್ದು ಏರುತ್ತಿತ್ತು.

ಗೈಡ್ ಮೇಡಂ ಗ್ರಾಫ್ ನೋಡಿ ಕೇಳಿದ್ದು ಒಂದೇ ಮಾತು: "ಆಕ್ಸಿಜನ್ ಕೊಟ್ಟೆಯಾ?"

"ಗಾಳಿಯಲ್ಲೇ ಸುಟ್ಟೆ ಮೇಡಂ."

"ಬಿಸಿ ಇದ್ದಾಗಲೇ ತೆಗೆದೆ, ಅಲ್ವಾ?"

ಅಷ್ಟು ಬಿಸಿಯಲ್ಲಿ ಈ ವಸ್ತು ಆಕ್ಸಿಜನ್ ಬಿಟ್ಟುಬಿಡುತ್ತದೆ. ರಾಸಾಯನಿಕ ಸೂತ್ರದಲ್ಲಿ ಒಂದು ಯಿಟ್ರಿಯಂಗೆ 7ರ ಹತ್ತಿರ ಇರಬೇಕಾದ ಆಕ್ಸಿಜನ್ ಪರಮಾಣುಗಳ ಲೆಕ್ಕ 6.2ರ ಸುಮಾರಿಗೆ ಇಳಿದಿರುತ್ತದೆ. ನಿಧಾನವಾಗಿ ಆರಿಸಿದರೆ ವಾಪಸ್ ಹೀರಿಕೊಳ್ಳುತ್ತದೆ. ನಾನು ಆ ಸಮಯವನ್ನೇ ಕೊಟ್ಟಿರಲಿಲ್ಲ.

ನನ್ನ ಬಿಲ್ಲೆ ಕೆಟ್ಟಿರಲಿಲ್ಲ, ಆಂಟಿಫೆರೋಮ್ಯಾಗ್ನೆಟ್ ಆಗಿತ್ತು. ಇದರೊಳಗಿನ ತಾಮ್ರ-ಆಕ್ಸಿಜನ್ ಪದರಗಳಲ್ಲಿ ತಾಮ್ರದ ಪ್ರತಿ ಪರಮಾಣುವೂ ಒಂದೊಂದು ಪುಟ್ಟ ಮ್ಯಾಗ್ನೆಟ್. ಒಂದು ತಲೆ ಮೇಲೆ ಮಾಡಿದರೆ ಪಕ್ಕದ್ದು ತಲೆ ಕೆಳಗೆ, ಚದುರಂಗದ ಕಪ್ಪು ಬಿಳಿ ಮನೆಗಳ ಹಾಗೆ. ಒಟ್ಟು ಲೆಕ್ಕ ಸೊನ್ನೆ. ಅದಕ್ಕೇ ಹೊರಗಿನಿಂದ ಮ್ಯಾಗ್ನೆಟ್ ಹಿಡಿದರೆ ಏನೂ ಗೊತ್ತಾಗೋದಿಲ್ಲ. ಈ ಸಾಲಿನಲ್ಲಿ ಎಲೆಕ್ಟ್ರಾನ್‌ಗಳಿಗೆ ಓಡಾಡಲು ಜಾಗವೂ ಇಲ್ಲ. ಆಕ್ಸಿಜನ್ ಸೇರಿದಾಗ ಅದು ತಾಮ್ರ-ಆಕ್ಸಿಜನ್ ಪದರಗಳಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಖಾಲಿ ಜಾಗ ಆಗುತ್ತದೆ, ಸಾಲು ಕದಡುತ್ತದೆ, ಅಲ್ಲಿಂದಲೇ ಸೂಪರ್‌ಕಂಡಕ್ಟಿವಿಟಿ ಏಳುತ್ತದೆ. ಸೂಪರ್‌ಕಂಡಕ್ಟರ್‌ನಲ್ಲಿ ಎಲೆಕ್ಟ್ರಾನ್‌ಗಳು ಜೋಡಿಯಾಗಿ ಓಡಾಡುತ್ತವೆ; ಅವನ್ನು ಜೋಡಿ ಮಾಡಿಸೋದು ಆ ಕದಡಿದ ಮ್ಯಾಗ್ನೆಟಿಸಂನ ಅಲುಗಾಟವೇ ಅಂತ ಬಹಳ ಜನ ನಂಬುತ್ತಾರೆ. ಎಲ್ಲರೂ ಒಪ್ಪಿಲ್ಲ, ಜಗಳ ಇನ್ನೂ ನಡೀತಿದೆ.

"ಮೊದಲು ತೂಕ ಬರ್ಕೋ" ಅಂದರು ಮೇಡಂ. ಸರಿಯಾಗಿ 2.000 ಗ್ರಾಂ ತೂಗುವ ತುಂಡನ್ನು ಟ್ಯೂಬ್ ಫರ್ನೇಸ್‌ನಲ್ಲಿಟ್ಟು ಆಕ್ಸಿಜನ್ ಹರಿಸಿದೆ. ಹೊರಗೆ ಬರುವ ಗ್ಯಾಸ್ ನೀರಿನ ಬಾಟಲಿಯಲ್ಲಿ ಗುಳುಗುಳು ಅನ್ನುತ್ತಿತ್ತು. 500 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟು, ಆಮೇಲೆ ನಿಮಿಷಕ್ಕೆ ಒಂದು ಡಿಗ್ರಿಗಿಂತ ನಿಧಾನವಾಗಿ ಇಳಿಸಿದೆ. ಈ ಸಲ ಮುಟ್ಟಲು ಹೋಗಲಿಲ್ಲ.

ತಕ್ಕಡಿ 2.034 ತೋರಿಸಿತು. 34 ಮಿಲಿಗ್ರಾಂ ಅಂದರೆ ಸೂತ್ರಕ್ಕೆ ಸುಮಾರು 0.7 ಆಕ್ಸಿಜನ್. ಲೆಕ್ಕ ಕೂಡಿತು. ನೈಟ್ರೋಜನ್ ಸುರಿದು ಮ್ಯಾಗ್ನೆಟ್ ಇಟ್ಟೆ. ಬಿಲ್ಲೆಯಿಂದ ಮೂರು ಮಿಲಿಮೀಟರ್ ಮೇಲೆ ನಿಂತಿತು, ಬೆರಳಿನಿಂದ ತಳ್ಳಿದರೆ ಅಲ್ಲೇ ಗಿರಗಿರ ತಿರುಗಿತು.

ಒಂದು ತುಂಡನ್ನು ಮುರಿದು ಮತ್ತೆ 940 ಡಿಗ್ರಿಗೆ ಕಾಯಿಸಿ, ಈ ಸಲ ಬೇಕಂತಲೇ, ಬಿಸಿಬಿಸಿಯಾಗೇ ಹೊರಗೆಳೆದೆ. ತೂಕ ಇಳಿದಿತ್ತು. ಮ್ಯಾಗ್ನೆಟ್ ಟಪ್ ಅಂತ ಅದರ ಮೇಲೆ ಕೂತಿತು.