ಮೂರನೇ ಚಳಿಗಾಲಕ್ಕೆ ಕೈ ಹಿಡಿದ ಗುಲ್‌ಬಾಪ್

ಗುಲ್‌ಬಾಪ್ ಅಂದರೆ ಸಿಂಪಿ ಹಾಕಿ ಮಾಡುವ ಕೊರಿಯನ್ ಅನ್ನ. ಅದರಲ್ಲಿ ಸಿಂಪಿಯನ್ನು ಅಕ್ಕಿಗಿಂತ ಮೊದಲೇ ಬೇಯಿಸಿದರೆ ರಬ್ಬರ್ ಆಗುತ್ತದೆ ಅಂತ ನನಗೆ ಹೇಳದವರೇ ಇಲ್ಲ. ಇಲ್ಲಿ ಕೊರಿಯಾದ ದೇಜಾನ್‌ನಲ್ಲಿ ನಾನು ಮೀನು ಕೊಳ್ಳುವ ಅಂಗಡಿಯ ಇಮೊ, ಅಂದರೆ ಅಂಗಡಿಯ ಚಿಕ್ಕಮ್ಮ, ಹೇಳಿದರು. ಲ್ಯಾಬಿನ ಗೆಳೆಯರು ಹೇಳಿದರು. ಸುವಾನ್‌ನಲ್ಲಿರುವ ಮಂಗಳೂರಿನ ಗೆಳೆಯನಂತೂ "ಗುಲ್‌ಬಾಪ್ ಮನೆಯಲ್ಲಿ ಮಾಡುವಂಥದ್ದಲ್ಲ ಮಾರಾಯ, ಹೋಟೆಲಿಗೆ ಹೋಗಿ ತಿನ್ನು" ಅಂದ. ಈ ಜನವರಿಯಲ್ಲಿ ಅವನೇ ನನ್ನ ಮನೆಯಲ್ಲಿ ಎರಡು ಬಟ್ಟಲು ತಿಂದ. ತಳದ ನುರುಂಗ್‌ಜಿಯನ್ನೂ, ಅಂದರೆ ಸೀಕಲನ್ನೂ, ಕೆರೆದುಕೊಂಡು ತಿಂದ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಕ್ಕಿ ನೆನೆಸುವುದು, ದಾಶಿಮಾ (ಒಣಗಿಸಿದ ಕಡಲ ಪಾಚಿ) ನೀರು ಮಾಡಿಕೊಳ್ಳುವುದು ಇವೆಲ್ಲ ಇಲ್ಲಿ ಅಡುಗೆ ಮಾಡಿಕೊಳ್ಳುವವರಿಗೆ ಗೊತ್ತೇ ಇರುತ್ತದೆ. ನಾನು ಕೆಡಿಸಿದ್ದರಿಂದಲೇ ಶುರು ಮಾಡುತ್ತೇನೆ.

ಮೊದಲ ಚಳಿಗಾಲ ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರಿನಲ್ಲಿ ಮಾಡಿದೆ. ಅಕ್ಕಿ, ಮೂಲಂಗಿ, ಸಿಂಪಿ ಎಲ್ಲ ಒಟ್ಟಿಗೆ. ಮುಚ್ಚಳ ತೆಗೆದರೆ ಹೆಬ್ಬೆರಳಿನಷ್ಟಿದ್ದ ಸಿಂಪಿ ಹುರುಳಿಕಾಳಿನಷ್ಟಾಗಿತ್ತು. ಅನ್ನ ಮೂಲಂಗಿ ಬಿಟ್ಟ ನೀರಿಗೆ ಮುದ್ದೆ. ಅದಕ್ಕಿಂತ ದೊಡ್ಡ ತಲೆನೋವು ಕುಕ್ಕರಿನ ರಬ್ಬರಿಗೆ ಹತ್ತಿದ ವಾಸನೆ. ಒಂದು ವಾರ ಬೆಳಗಿನ ಮೊಸರನ್ನವೂ ಮೀನು ನಾರುತ್ತಿತ್ತು. ರಬ್ಬರ್ ಬದಲಿಸಬೇಕಾಯಿತು.

ಎರಡನೇ ಚಳಿಗಾಲ ಇಮೊ ಹೇಳಿದ ಹಾಗೆ ಮಾಡಿದೆ. ಮಣ್ಣಿನ ಪಾತ್ರೆಯಲ್ಲಿ ಅನ್ನ ಮುಕ್ಕಾಲು ಬೆಂದ ಮೇಲೆ ಹಸಿ ಸಿಂಪಿ ಮೇಲೆ ಹರಡಿ ಮುಚ್ಚುವುದು. ಹೆಚ್ಚಿನವರು ಹೀಗೇ ಮಾಡುತ್ತಾರೆ, ಅವರ ಕೈಗೆ ಚೆನ್ನಾಗಿಯೇ ಬರುತ್ತದೆ. ನನಗೆ ಬರಲಿಲ್ಲ. ಸಿಂಪಿ ಬಿಟ್ಟ ನೀರು ಅನ್ನದ ಮೇಲೆಯೇ ನಿಂತು ಮೇಲಿನ ಪದರ ಪಿಚಪಿಚ. ಅದು ಇಂಗಲಿ ಅಂತ ಉರಿ ಜಾಸ್ತಿ ಮಾಡಿದರೆ ತಳ ಕರಿ. ಒಂದು ರಾತ್ರಿ ಹಾಗೆ ಸೀದ ಪಾತ್ರೆಯನ್ನು ಬಿಸಿಬಿಸಿಯಾಗಿಯೇ ಒದ್ದೆ ಸಿಂಕಿನಲ್ಲಿ ಇಟ್ಟೆ. ಟಪ್ ಅಂತ ಸೀಳಿತು. ಇಪ್ಪತ್ತೈದು ಸಾವಿರ ವಾನ್ ಹೋಯಿತು, ನಮ್ಮ ಲೆಕ್ಕದಲ್ಲಿ ಸುಮಾರು ಒಂದೂವರೆ ಸಾವಿರ ರೂಪಾಯಿ.

ಅದೇ ತಿಂಗಳು ನಡುವೆ ಸರಿಯಾಗಿ ಬೇಯದ ಸಿಂಪಿ ತಿಂದು ಎರಡು ದಿನ ವಾಂತಿ, ಭೇದಿ. ಪೊಟ್ಟಣದ ಮೇಲೆ 'ಬೇಯಿಸಿ ತಿನ್ನಲು' ಅಂತ ಬರೆದೇ ಇತ್ತು. ಚಳಿಗಾಲದ ಸಿಂಪಿಯಲ್ಲಿ ನೋರೋವೈರಸ್ ಇರಬಹುದು. ಅದು ಸಾಯಬೇಕಾದರೆ ಒಳಗಿನ ತನಕ 85 ಡಿಗ್ರಿಯಲ್ಲಿ ಒಂದು ನಿಮಿಷವಾದರೂ ಬೇಯಬೇಕು. ಪೂರ್ತಿ ಬೆಂದಿರಬೇಕು, ರಬ್ಬರೂ ಆಗಬಾರದು. ತೊಡಕು ಇರುವುದೇ ಇಲ್ಲಿ.

ದಾರಿ ಸಿಕ್ಕಿದ್ದು ಅಮ್ಮನ ಫೋನಿನಲ್ಲಿ. ನಾವು ಕುಮಟಾ ಕಡೆಯವರು. ಅಘನಾಶಿನಿ ಅಳಿವೆಯ ಕಲಗ, ಬೆಳಚು ತಿಂದು ಬೆಳೆದವರು. ಇಲ್ಲಿನ ಗುಲ್ ಅಂದರೆ ನಮ್ಮ ಕಲಗವೇ, ಜಾತಿ ಮಾತ್ರ ಬೇರೆ. ನನ್ನ ಗೋಳನ್ನೆಲ್ಲ ಕೇಳಿದ ಅಮ್ಮ ಒಂದೇ ಮಾತು ಕೇಳಿದಳು. "ಮೊದ್ಲು ಅದರ ನೀರು ಬಿಡ್ಸಿದ್ಯಾ?" ಅವಳು ಸುಕ್ಕಾ ಮಾಡುವಾಗ ಕಲಗವನ್ನು ಬರೀ ಪಾತ್ರೆಗೆ ಹಾಕಿ, ಅದು ಬಿಟ್ಟ ನೀರನ್ನು ಬಸಿದು ಆಮೇಲೆ ಮಸಾಲೆಗೆ ಸೇರಿಸುತ್ತಾಳೆ. ಚಿಕ್ಕಂದಿನಿಂದ ನೋಡಿದ್ದೆ. ಹೊಳೆದಿರಲಿಲ್ಲ.

ಈಗ ಮಾಡುವುದು ಹೀಗೆ. ಎರಡು ಕಪ್ ಕೊರಿಯನ್ ಅಕ್ಕಿಗೆ ನಾನೂರು ಗ್ರಾಂ ಸಿಂಪಿ. ಕಪ್ ಅಂದರೆ ಕುಕ್ಕರಿನ ಜೊತೆ ಬರುವ ಅಳತೆ. ಸಿಂಪಿಯನ್ನು ತುರಿದ ಮೂಲಂಗಿಯಲ್ಲಿ ಮೆಲ್ಲಗೆ ಆಡಿಸಿದರೆ ಬೂದು ಕೊಳೆಯೆಲ್ಲ ತುರಿಗೆ ಹತ್ತುತ್ತದೆ. ಆಮೇಲೆ ಉಪ್ಪುನೀರಿನಲ್ಲಿ ಎರಡು ಸಲ ಜಾಲಿಸಿದರೆ ಸಾಕು. ನಲ್ಲಿ ನೀರಿನ ಕೆಳಗೆ ಹಿಡಿದರೆ ರುಚಿಯೂ ತೊಳೆದು ಹೋಗುತ್ತದೆ. ದಪ್ಪ ತಳದ ಎರಕದ ಕಬ್ಬಿಣದ ಪಾತ್ರೆ ಕಾಯಿಸಿ, ನೀರು ಹಾಕದೆ ಸಿಂಪಿ ಸುರಿಯುತ್ತೇನೆ. ಅರ್ಧ ಕಪ್ಪಿಗಿಂತ ಜಾಸ್ತಿಯೇ ನೀರು ಬಿಡುತ್ತದೆ. ಅದು ಕುದಿ ಬಂದ ಮೇಲೆ ಗಡಿಯಾರ ನೋಡಿಕೊಂಡು ಒಂದೂವರೆ ನಿಮಿಷ. ಕಪ್ಪು ಅಂಚು ಸುರುಳಿ ಸುತ್ತುತ್ತದೆ, ಹೊಟ್ಟೆ ಉಬ್ಬುತ್ತದೆ. ತಕ್ಷಣ ತಟ್ಟೆಗೆ ತೆಗೆದು ಮುಚ್ಚಿಡುತ್ತೇನೆ. ಒಣಗದ ಹಾಗೆ ಅದಕ್ಕೆ ಒಂದನ್ನು ಸವರುತ್ತೇನೆ. ಅದು ಏನು ಅಂತ ಇಲ್ಲಿ ಬರೆಯುವುದಿಲ್ಲ, ಸುವಾನ್ ಗೆಳೆಯನಿಗೂ ಹೇಳಿಲ್ಲ.

ಸಿಂಪಿ ಬಿಟ್ಟ ನೀರನ್ನು ಬಟ್ಟೆಯಲ್ಲಿ ಸೋಸಲೇಬೇಕು, ಚಿಪ್ಪಿನ ಚೂರು ಹಲ್ಲಿಗೆ ಸಿಗುತ್ತದೆ. ಅದಕ್ಕೆ ದಾಶಿಮಾ ನೀರು ಸೇರಿಸಿ ಒಟ್ಟು ಒಂದೂ ಮುಕ್ಕಾಲು ಕಪ್. ಎರಡು ಕಪ್ ಹಾಕಬೇಡಿ, ಮೂಲಂಗಿಯೂ ನೀರು ಬಿಡುತ್ತದೆ. ನೆನೆಸಿ ಬಸಿದ ಅಕ್ಕಿ, ಮೇಲೆ ಕಡ್ಡಿಯ ಹಾಗೆ ಹೆಚ್ಚಿದ ಮೂಲಂಗಿ. ಕುದಿ ಬರುವ ತನಕ ದೊಡ್ಡ ಉರಿ, ಆಮೇಲೆ ಸಣ್ಣ ಉರಿಯಲ್ಲಿ ಹನ್ನೆರಡು ನಿಮಿಷ. ಸಿಂಪಿ ಹರಡಿ ಎರಡು ನಿಮಿಷ, ಆರಿಸಿ ಮುಚ್ಚಿದ ಹಾಗೇ ಹತ್ತು ನಿಮಿಷ. ಈಗ ಅಗುಳು ಅಗುಳಿನಲ್ಲೂ ಸಮುದ್ರದ ರುಚಿ, ಸಿಂಪಿ ಇನ್ನೂ ಗುಂಡಗೆ. ಇಮೊಗೆ ಒಂದು ಡಬ್ಬಿ ಕೊಟ್ಟು ಬಂದೆ. ಮರುವಾರ ಹೋದಾಗ ಏನೂ ಹೇಳದೆ ಒಂದು ಹಿಡಿ ಸಿಂಪಿ ಕೊಸರು ಹಾಕಿದರು.

ಅಕ್ಕಿ ಬದಲಿಸಿಯೂ ನೋಡಿದ್ದೇನೆ. ಸೋನಾ ಮಸೂರಿ ಬೇಡ. ಉದುರಾಗಿ ಬರುತ್ತದೆ ನಿಜ, ಆದರೆ ತಳದಲ್ಲಿ ಸೀಕಲು ಕಟ್ಟುವುದಿಲ್ಲ. ನುರುಂಗ್‌ಜಿ ಇಲ್ಲದ ಗುಲ್‌ಬಾಪ್ ಯಾಕೆ ಬೇಕು? ಅನ್ನಕ್ಕೆ ಕಲಸಿಕೊಳ್ಳುವ ಸೋಯಾ ಸಾಸ್ ಯಾಂಗ್‌ನ್ಯೊಮ್‌ಜಾಂಗಿಗೆ, ಗೊಚುಗಾರು (ಕೊರಿಯನ್ ಮೆಣಸಿನ ತರಿ) ಮುಗಿದ ದಿನ ಬ್ಯಾಡಗಿ ಮೆಣಸು ಹಾಕಿದೆ. ಬಣ್ಣ ಅದೇ ಕೆಂಪು, ಖಾರವೂ ಹದ. ಬೀಜ ತೆಗೆದು ತರಿತರಿಯಾಗಿ ಕುಟ್ಟಬೇಕು, ನುಣ್ಣಗೆ ಪುಡಿ ಮಾಡಿದರೆ ಸಾಸ್ ಗೊಜ್ಜಿನ ಹಾಗೆ ಗಟ್ಟಿಯಾಗುತ್ತದೆ. ಈಗ ನಾನು ಬ್ಯಾಡಗಿಯನ್ನೇ ಹಾಕುವುದು.

ಒಮ್ಮೆ ಬಸ್ಸಿನಲ್ಲಿ ದಕ್ಷಿಣ ಕರಾವಳಿಯ ತೊಂಗ್ಯೊಂಗ್‌ಗೆ ಹೋಗಿ ಜುಂಗಾಂಗ್ ಮಾರ್ಕೆಟ್‌ನಿಂದ ಎರಡು ಕಿಲೋ ತಂದಿದ್ದೆ. ಎರಡೂವರೆ ಗಂಟೆ ದಾರಿ. ಕೊಲ್ಲಿಯ ತುಂಬ ಸಾಲುಸಾಲು ತೇಲುಬುರುಡೆಗಳು, ಅವುಗಳ ಕೆಳಗೆ ಹಗ್ಗಕ್ಕೆ ಜೋತುಬಿದ್ದು ಬೆಳೆಯುವ ಸಿಂಪಿ. ಅದನ್ನು ನೋಡಲಿಕ್ಕಾದರೂ ಹೋಗಬೇಕು. ದುಡ್ಡಿನ ದೃಷ್ಟಿಯಿಂದ ಲಾಭವಿಲ್ಲ. ಕಿಲೋಗೆ ನಾಲ್ಕೈದು ಸಾವಿರ ವಾನ್ ಉಳಿಯಿತು, ಬಸ್ಸಿಗೆ ಅದರ ಮೂರು ನಾಲ್ಕು ಪಟ್ಟು ಹೋಯಿತು.

ಮೂರು ಚಳಿಗಾಲಕ್ಕೆ ಎಲ್ಲ ಸೇರಿ ಎರಡು ಲಕ್ಷ ವಾನ್ ಹತ್ತಿರ ಸುರಿದಿರಬೇಕು. ಈಗಿನ ಪಾತ್ರೆ ಹಳೆಯದು, ಹದಿನೈದು ಸಾವಿರಕ್ಕೆ ಸಿಕ್ಕಿತು. ಹೋಟೆಲಿನಲ್ಲಿ ಒಂದು ಗುಲ್‌ಬಾಪ್‌ಗೆ ಹನ್ನೆರಡು ಸಾವಿರದ ಮೇಲೆ. ಮನೆಯಲ್ಲಿ ತಲೆಗೆ ನಾಲ್ಕು ಸಾವಿರ ಚಿಲ್ಲರೆ, ಮೂರು ಜನ ಹೊಟ್ಟೆ ತುಂಬ ಉಣ್ಣಬಹುದು.

ಉಳಿದರೆ ಆರಿದ ಕೂಡಲೇ ಫ್ರಿಜ್‌ಗೆ ಹಾಕಿ. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ಅಲ್ಲಿಗೆ ಸಿಂಪಿಯ ಕತೆ ಮುಗಿಯಿತು. ಮಾರನೇ ಬೆಳಗ್ಗೆ ಸಿಂಪಿಯನ್ನು ಸಣ್ಣಗೆ ಹೆಚ್ಚಿ, ಅನ್ನಕ್ಕೆ ನೀರು ಹಾಕಿ ಗಂಜಿಯ ಹಾಗೆ ಚೆನ್ನಾಗಿ ಕುದಿಸಿ, ಮೇಲೆ ಎರಡು ಹನಿ ಎಳ್ಳೆಣ್ಣೆ. ಹಿಮ ಬಿದ್ದ ಬೆಳಗ್ಗೆ ನನಗೆ ಬೇರೆ ತಿಂಡಿ ಬೇಕಾಗುವುದಿಲ್ಲ.