ಅಜ್ಜ ಕೊಟ್ಟ ಜೇನುಪೆಟ್ಗೆ ಮತ್ತೆ ನನ್ನ ಹೈಸ್ಕೂಲು ದಿನಗಳು

ಆಕಳನ್ನ ಕೊಟ್ಗೆಲಿ ಕಟ್ಟಬಹುದು, ಪೆಟ್ಗೆಲಿ ಸಾಕೋ ತುಡುವೆ ಜೇನನ್ನ ಕಟ್ಟಕ್ಕಾಗಲ್ಲ. ಅದಕ್ಕೆ ಸರಿ ಅನಿಸ್ಲಿಲ್ಲ ಅಂದ್ರೆ ಬೆಳಗಾಗೋದ್ರೊಳಗೆ ಪೆಟ್ಗೆ ಖಾಲಿ. ನಾನು ಬೆಳೆದಿದ್ದು ಇಂಥದ್ದರ ಜೊತೆ, ಹಾಗಾಗಿ ನನ್ನ ಬುದ್ಧಿ ತಿದ್ದಿದ್ರಲ್ಲಿ ಮಾಸ್ತರರ ಕೋಲಿಗಿಂತ ಇದ್ರ ಪಾಲೇ ಜಾಸ್ತಿ ಅಂತ ಈಗ್ಲೂ ಹೇಳ್ತೀನಿ.

ಶಿರಸಿ ಹತ್ರ ಹುಲೇಕಲ್ ಕಡೆ ನಮ್ಮನೆ, ಅಡಿಕೆ ತೋಟ, ಅದ್ರ ಮೇಲೆ ಸೊಪ್ಪಿನ ಬೆಟ್ಟ. 80ರ ದಶಕದ ಕೊನೆ ಇರಬೇಕು, ನಾನಿನ್ನೂ ಹೈಸ್ಕೂಲು. ಅಜ್ಜ ತೋಟದ ಅಂಚಿಗಿದ್ದ ಒಂದು ಪೆಟ್ಗೆ ತೋರ್ಸಿ "ಇದು ನಿಂದು ತಮಾ, ಜೇನುತುಪ್ಪ ಬಂದ್ರೂ ನಿಂದು, ಹಾರಿ ಹೋದ್ರೂ ನಿಂದೇಯಾ" ಅಂದ. ಅಷ್ಟೇ, ಮತ್ತೆ ಬಂದು ಕೈ ಹಾಕ್ಲಿಲ್ಲ.

ಪೆಟ್ಗೆ ತೆಗೆಯೋದು ಅಂದ್ರೆ ಮೊದ್ಲು ಉಸಿರು ಹಿಡಿಯೋದು ಕಲೀಬೇಕು. ನಮ್ಮ ಉಸಿರು ಎರಿ, ಅಂದ್ರೆ ಜೇನು ಕಟ್ಟೋ ಮೇಣದ ತಟ್ಟಿ, ಅದ್ರ ಮೇಲೆ ಬಿದ್ರೆ ಅವಕ್ಕೆ ಸಿಟ್ಟು ಬರತ್ತೆ, ಅದಕ್ಕೆ ಮುಖ ಪಕ್ಕಕ್ಕೆ ತಿರುಗ್ಸಿ ಉಸಿರು ಬಿಡೋದು. ಪೆಟ್ಗೆ ಬಾಗ್ಲಿಗೆ ಅಡ್ಡ ನಿಲ್ಲಬಾರ್ದು, ಮುಚ್ಚಳ ಟಪ್ ಅನ್ಬಾರ್ದು, ಎರಿ ಇರೋ ಫ್ರೇಮು ಎತ್ತಿದ್ರೆ ಪೆಟ್ಗೆ ಮೇಲೇ ಹಿಡ್ಕೊಂಡು ನೋಡ್ಬೇಕು, ಯಾಕಂದ್ರೆ ರಾಣಿ ಜಾರಿ ಬಿದ್ರೂ ಒಳಗೇ ಬೀಳ್ಲಿ. ಕುಟುಕಿದ್ರೆ ಮುಳ್ಳನ್ನ ಉಗುರಲ್ಲಿ ತಕ್ಷಣ ಕೆರೆದು ತೆಗೀಬೇಕು, ಆ ಜಾಗದಿಂದ ಮಾಗಿದ ಬಾಳೆಹಣ್ಣಿನ ಥರ ವಾಸ್ನೆ ಬರತ್ತೆ, ಆ ವಾಸ್ನೆ ಹಿಡ್ಕೊಂಡು ಬೇರೆ ಜೇನುನೊಣಗಳೂ ಅಲ್ಲಿಗೇ ಬರ್ತಾವೆ. ಹದಿನಾಲ್ಕು ಹದಿನೈದು ವರ್ಷದ ಹುಡುಗನ ಕೈ ಇಷ್ಟು ನಿಧಾನ ಆಗೋದು ಬೇರೆ ಯಾವ್ದರಿಂದ ಸಾಧ್ಯ ಹೇಳಿ.

ಆಮೇಲೆ ಕಣ್ಣು. ಕಾಡು ನೋಡೋ ರೀತಿನೇ ಬದಲಾಯ್ತು. ಅಂಟುವಾಳ ಹೂ ಬಂತಾ, ನೇರಲು ಯಾವಾಗ, ಮತ್ತಿ ಯಾವಾಗ, ಇದೇ ಯೋಚ್ನೆ. ಮಳೆಗಾಲದಲ್ಲಿ ಏನೂ ಇಲ್ಲ ಅಂದ್ಕೊಳ್ತೀವಿ, ಆದ್ರೆ ಬೆಳಿಗ್ಗೆ ಬೇಗ ಎದ್ದು ನೋಡಿ, ನಾಚಿಕೆಮುಳ್ಳಿನ ಹೂವಿಂದ ಜೇನುನೊಣಗಳು ಪರಾಗ ಹೊರ್ತಾ ಇರ್ತಾವೆ. ಪರಾಗ ಸಿಕ್ಕಿದ್ರೂ ತುಪ್ಪಕ್ಕೆ ಬರ ಇರತ್ತೆ, ಹಂಗಾಗಿ ಜೂನಿಂದ ಸಪ್ಟೆಂಬರ್ ತನ್ಕ ಸಕ್ರೆ ಪಾಕ ಕೊಡ್ಬೇಕು, ಸಮ ಸಮ ನೀರು ಸಕ್ರೆ, ಅದೂ ಸಂಜೆನೇ, ಹಗಲು ಕೊಟ್ರೆ ಪಕ್ಕದ ಜೇನು ಕುಟುಂಬದವು ಬಂದು ದೋಚ್ತಾವೆ.

ಇಷ್ಟೆಲ್ಲ ಕಲ್ತು ಒಂದು ಹದಕ್ಕೆ ಬಂತು ಅನ್ನೋವಾಗ ರೋಗ ಬಂತು. ಥಾಯ್ ಸ್ಯಾಕ್‌ಬ್ರೂಡ್ ಅಂತ ಹೆಸ್ರು, 1991-92ರಲ್ಲಿ ದಕ್ಷಿಣ ಭಾರತದ ತುಡುವೆನ ಬಹುಪಾಲು ಬಾಚ್ಕೊಂಡು ಹೋದ ವೈರಸ್ಸು. ಎರಿಯಲ್ಲಿ ಮರಿಹುಳ ತಲೆ ಮೇಲೆ ಮಾಡಿ ಉದ್ದಕ್ಕೆ ಸತ್ತು ಬಿದ್ದಿರ್ತಿತ್ತು, ಕಡ್ಡಿಯಲ್ಲಿ ಎತ್ತಿದ್ರೆ ನೀರು ತುಂಬಿದ ಸಣ್ಣ ಚೀಲ. ಔಷಧ ಅಂತ ಇರ್ಲಿಲ್ಲ, ಈಗ್ಲೂ ಇಲ್ಲ. ದಿನಾ ಪೆಟ್ಗೆ ಹತ್ರ ಹೋಗೋದು, ಓಡಾಟ ಕಮ್ಮಿ ಆಗಿರೋದು ನೋಡೋದು, ಬರೋದು. ಊರಲ್ಲಿ ಎಷ್ಟೋ ಜನ ಖಾಲಿ ಪೆಟ್ಗೆ ಅಟ್ಟಕ್ಕೆ ಹಾಕಿದ್ರು, ಜೇನಿನ ಕಾಲ ಮುಗೀತು ಅಂದ್ರು. ನಂದೂ ಖಾಲಿ.

ನಮ್ಮನೆಗೆ ಅಡಿಕೆ ಕೊನೆ ಕೊಯ್ಯಕ್ಕೆ ಬರ್ತಿದ್ದ ಗೌಡ್ರೊಬ್ರು ಒಂದಿನ "ಹೆಗಡೇರೆ, ಬೆಟ್ಟದ ಹುತ್ತದಲ್ಲಿ ಜೇನು ಓಡಾಡ್ತಾ ಅದೆ" ಅಂದ್ರು. ನಂಗೆ ಆಗ ಹೊಳೆದಿದ್ದು ಇಷ್ಟು: ಊರು ತುಂಬ ರೋಗ ಇರೋವಾಗ ಇದು ಬದುಕಿದೆ ಅಂದ್ರೆ ಇದ್ರಲ್ಲಿ ಏನೋ ತಾಕತ್ತಿದೆ. ಸಂಜೆ ಹೊತ್ತಿಗೆ ಹೋಗಿ ಹುತ್ತನ ನಿಧಾನಕ್ಕೆ ಅಗಲ ಮಾಡಿ, ಒಂದೊಂದೇ ಎರಿ ಕೊಯ್ದು, ಮೊಟ್ಟೆ ಮರಿ ಇರೋ ಎರಿ ಮಾತ್ರ ಫ್ರೇಮಿಗೆ ಬಾಳೆನಾರಲ್ಲಿ ಕಟ್ಟಿದ್ವಿ, ಮೊದಲು ಹೇಗಿತ್ತೋ ಹಾಗೇ, ಮೇಲು ಕೆಳಗು ತಪ್ಪದ ಹಾಗೆ. ರಾಣಿ ಒಳಗೆ ಸೇರಿದ್ರೆ ಉಳಿದವು ಬಾಗ್ಲಲ್ಲಿ ಹಿಂಭಾಗ ಎತ್ತಿ ರೆಕ್ಕೆ ಬೀಸ್ತಾ ನಿಲ್ತಾವೆ, ಆ ವಾಸ್ನೆಗೆ ಹೊರಗಿದ್ದವೂ ಒಳಗೆ ಬರ್ತಾವೆ. ಅದು ಕಂಡ ಮೇಲೆ ಇನ್ನು ಪರ್ವಾಗಿಲ್ಲ ಅನ್ಕೊಂಡು ಕೂತ್ವಿ, ಕತ್ತಲಾದ್ಮೇಲೆ ಹೊತ್ಕೊಂಡು ಬಂದ್ವಿ.

ಆ ಜೇನಿನ ಸಂಸಾರ ಉಳೀತು. ಒಂದು ಸಂಸಾರ ಎರಡಾಗಿ ಪಾಲಾಗೋ ಕಾಲದಲ್ಲಿ ಪಾಲು ಮಾಡಿ ಅದ್ರಿಂದಲೇ ಮತ್ತೆ ಶುರು ಮಾಡಿದ್ದು. ಡಿಗ್ರಿ ಮುಗ್ಸಿ ಬೆಂಗಳೂರಿಗೆ ಹೋಗೋದು ಅಂತ ಮನೇಲಿ ಮಾತಿತ್ತು, ನಾನು ಹೋಗ್ಲಿಲ್ಲ, ಅದ್ರ ಕಥೆ ಬೇರೆ.

ಈಗ್ಲೂ ಹೊರಗಿಂದ ಕುಟುಂಬ ತರಲ್ಲ. ರೋಗದ ಲಕ್ಷಣ ಕಂಡ ಪೆಟ್ಗೆಯ ಎರಿ ಇನ್ನೊಂದಕ್ಕೆ ಹಾಕಲ್ಲ, ರೋಗದಲ್ಲೂ ತಡ್ಕೊಂಡ ಸಂಸಾರಗಳ್ನ ಮಾತ್ರ ಪಾಲು ಮಾಡ್ತೀನಿ. ಬೇಸಿಗೆ ರಜೆಲಿ ನೆಂಟರ ಮಕ್ಕಳು ಬಂದ್ರೆ ಮೊದ್ಲು ಪೆಟ್ಗೆ ತೆಗ್ಯಕ್ಕೆ ಬಿಡಲ್ಲ, ಬಾಗ್ಲ ಪಕ್ಕ ಕೂರ್ಸಿ ಒಳಗೆ ಬರೋ ನೊಣದ ಕಾಲಲ್ಲಿ ಯಾವ ಬಣ್ಣದ ಪರಾಗ ಇದೆ ನೋಡಿ ಬಂದು ಹೇಳು ಅಂತೀನಿ. ಅರ್ಧ ಜನ ಮೊಬೈಲ್ ಹಿಡ್ಕೊಂಡು ಎದ್ದು ಹೋಗ್ತಾರೆ. ಕೂತವ್ರ ಕೈಗೆ ಮಾತ್ರ ಮಾರನೇ ದಿನ ಫ್ರೇಮು.