ಕೋಶಕೇಂದ್ರವನ್ನು ಒಣಗಲು ಬಿಡಬೇಡಿ

ಮನುಷ್ಯನ 18ನೇ ಮತ್ತು 19ನೇ ವರ್ಣತಂತುಗಳಿಗೆ ಕೋಶಕೇಂದ್ರದೊಳಗೆ ಬೇರೆ ಬೇರೆ ನೆಲೆಗಳಿವೆ. ಜೀನ್‌ಗಳು ವಿರಳವಾಗಿರುವ 18 ಅಂಚಿನತ್ತ, ಜೀನ್‌ಗಳು ಕಿಕ್ಕಿರಿದ 19 ನಡುವಿನತ್ತ. ಎಡಿನ್‌ಬರೋದ ವೆಂಡಿ ಬಿಕ್‌ಮೋರ್ ತಂಡ 1999ರಲ್ಲಿ ಇದನ್ನು ತೋರಿಸಿತು. ಓದಿ ಒಪ್ಪಿಕೊಂಡರೆ ಸಾಲದು, ನಾನೇ ನೋಡಬೇಕು ಎನ್ನಿಸಿ ಹೊಳೆಯುವ ಬಣ್ಣ ಹಚ್ಚಿದ ಡಿಎನ್ಎ ತುಣುಕುಗಳಿಂದ (ಪ್ರೋಬ್) ವರ್ಣತಂತುಗಳನ್ನು ಗುರುತಿಸುವ ಮೂರು ಆಯಾಮದ ಫಿಶ್ ತಂತ್ರಕ್ಕೆ ಕೈಹಾಕಿದೆ.

ಆರಿಸಿಕೊಂಡದ್ದು ರಕ್ತದ ಲಿಂಫೋಸೈಟ್‌ಗಳನ್ನು, ಅಂದರೆ ಒಂದು ಬಗೆಯ ಬಿಳಿ ರಕ್ತಕಣಗಳನ್ನು. ಅವುಗಳ ಕೋಶಕೇಂದ್ರ ಗುಂಡಗಿರುವುದರಿಂದ ಅಂಚು ಯಾವುದು, ನಡು ಯಾವುದು ಎಂಬುದು ಸ್ಪಷ್ಟ. ವರ್ಣತಂತುಗಳನ್ನು ಎಣಿಸುವವರು ಮೆಥನಾಲ್ ಮತ್ತು ಅಸಿಟಿಕ್ ಆಮ್ಲದಲ್ಲಿ ಕೋಶಗಳನ್ನಿಟ್ಟು, ಸ್ಲೈಡಿನ ಮೇಲೆ ಹನಿಸಿ ಒಣಗಿಸುತ್ತಾರೆ. ಎಣಿಕೆಗೆ ಅದು ಸೊಗಸಾದ ವಿಧಾನ. ಆದರೆ ಒಣಗಿದ ಕೋಶಕೇಂದ್ರ ದೋಸೆಯಂತೆ ಹರಡಿಬಿಡುತ್ತದೆ. ಮೇಲಿದ್ದದ್ದು, ಕೆಳಗಿದ್ದದ್ದು ಎಲ್ಲವೂ ಒಂದೇ ಪದರಕ್ಕೆ ಬರುತ್ತದೆ. ಹಾಗಾಗಿ ನಾನು ಕೋಶಗಳು ಅಂಟಿಕೊಳ್ಳಲೆಂದು ಪಾಲಿಲೈಸಿನ್ ಹಚ್ಚಿದ ಕವರ್‌ಸ್ಲಿಪ್ (ತೆಳು ಗಾಜು) ಮೇಲೆ ಕೋಶಗಳನ್ನು ಕೂರಿಸಿ, 4% ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಸ್ಥಿರಗೊಳಿಸುತ್ತೇನೆ. ಅಲ್ಲಿಂದ ಮುಂದೆ ಕೊನೆಯವರೆಗೂ ಕವರ್‌ಸ್ಲಿಪ್ ಒದ್ದೆಯಾಗಿಯೇ ಇರಬೇಕು. ಈ ವಿಷಯದಲ್ಲಿ ನಾನು ಯಾರೊಂದಿಗೂ ರಾಜಿ ಮಾಡಿಕೊಳ್ಳುವುದಿಲ್ಲ.

ಹೀಗೆ ಬಿಗಿಯಾಗಿ ಸ್ಥಿರಗೊಂಡ ಕೋಶದೊಳಕ್ಕೆ ಪ್ರೋಬ್ ಸುಲಭವಾಗಿ ನುಗ್ಗುವುದಿಲ್ಲ. ಟ್ರೈಟಾನ್ ಎಂಬ ಮಾರ್ಜಕದಿಂದ ಪೊರೆಯನ್ನು ಸಡಿಲಿಸಿ, 20% ಗ್ಲಿಸರಾಲ್‌ನಲ್ಲಿ ನೆನೆಸಿ, ದ್ರವ ಸಾರಜನಕದಲ್ಲಿ ಹಲವು ಸಲ ಅದ್ದಿ ತೆಗೆಯುತ್ತೇನೆ. ಬಳಿಕ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸ್ವಲ್ಪ ಹೊತ್ತು, ನಂತರ 50% ಫಾರ್ಮಮೈಡ್‌ನಲ್ಲಿ. 75 ಡಿಗ್ರಿಯಲ್ಲಿ ಡಿಎನ್ಎ ಎಳೆಗಳನ್ನು ಬಿಡಿಸಿ, 37 ಡಿಗ್ರಿಯಲ್ಲಿ ಪ್ರೋಬ್ ಜೊತೆ ಎರಡು ರಾತ್ರಿ ಇಡಬೇಕು.

ಕಾನ್‌ಫೋಕಲ್ ಸೂಕ್ಷ್ಮದರ್ಶಕದಲ್ಲಿ ಒಂದೊಂದೇ ಪದರ ಸರಿಸುತ್ತಾ ಹೋದಾಗ ನಡುವಿನಲ್ಲಿ 19ರ ಜೋಡಿ, ಕೋಶಕೇಂದ್ರದ ಒಳ ಅಂಚಿನ ಪ್ರೋಟೀನ್ ಜಾಲವಾದ ಲ್ಯಾಮಿನಕ್ಕೆ ಒತ್ತಿಕೊಂಡಂತೆ 18ರ ಜೋಡಿ ಕಂಡಾಗಿನ ಸಂತೋಷವೇ ಬೇರೆ! ಆದರೆ ಎಲ್ಲ ಕೋಶಗಳಲ್ಲೂ ಹಾಗಿಲ್ಲ. ಒಂದರಲ್ಲಿ 18ರ ಒಂದು ಪ್ರತಿ ಅಂಚಿನಲ್ಲಿದ್ದರೆ ಇನ್ನೊಂದು ಒಳಗೆ ಸರಿದಿರುತ್ತದೆ. ಈ ನೆಲೆಗಳು ಕಟ್ಟುನಿಟ್ಟಿನ ನಿಯಮವಲ್ಲ, ಒಲವು ಮಾತ್ರ. ಡಿಎನ್ಎಯ ಯಾವ ಭಾಗ ಯಾವುದಕ್ಕೆ ಹತ್ತಿರವಿದೆ ಎಂದು ಲೆಕ್ಕಹಾಕುವ ಹೈ-ಸಿಯಂಥ ವಿಧಾನ ಸಾಮಾನ್ಯವಾಗಿ ಲಕ್ಷಾಂತರ ಕೋಶಗಳ ಸರಾಸರಿಯನ್ನು ಕೊಡುತ್ತದೆ. ಈ ಏರುಪೇರನ್ನು ಕೋಶ ಕೋಶವಾಗಿ ಕಣ್ಣಿಗೆ ತೋರಿಸುವುದು ಫಿಶ್. ನನಗೆ ಇದರ ಮೇಲೆ ಇಷ್ಟು ಮೋಹವಿರುವುದೂ ಅದಕ್ಕೇ.

ಆದ್ದರಿಂದ ಚೆಂದದ ಒಂದು ಚಿತ್ರವನ್ನು ನೆಚ್ಚಿಕೊಳ್ಳದೆ, ಪ್ರತಿ ಕೋಶಕೇಂದ್ರವನ್ನು ಸಮಾನ ಗಾತ್ರದ ಚಿಪ್ಪುಗಳಾಗಿ ವಿಂಗಡಿಸಿ, ಪ್ರತಿ ಚಿಪ್ಪಿನಲ್ಲೂ ಪ್ರೋಬ್ ಹೊಳಪನ್ನು ಡ್ಯಾಪಿ (ಎಲ್ಲ ಡಿಎನ್ಎಗೂ ಅಂಟುವ ಬಣ್ಣ) ಹೊಳಪಿನಿಂದ ಭಾಗಿಸಿ ನೋಡುತ್ತೇನೆ. ಜೊತೆಗೆ ಎರಡು ಪ್ರೋಬ್‌ಗಳ ಬಣ್ಣ ಅದಲುಬದಲು ಮಾಡಿ ಮತ್ತೆ ಅಳೆಯಬೇಕು, ಏಕೆಂದರೆ ಲೆನ್ಸ್ ಒಂದೊಂದು ಬಣ್ಣವನ್ನು ಒಂದೊಂದು ಆಳದಲ್ಲಿ ತೋರಿಸಬಹುದು.